ರೀಸ್ಟಾರ್ಟ್ ಮಾಡೋಕೆ ಮುಂಚೆ ಒಂದು ಸಾಲು ಬರೀರಿ

ಬ್ಯಾಡಗಿಯಿಂದ ಮಾತಾಡ್ತಾ ಇದೀನಿ. ರೆಕಾರ್ಡಿಂಗ್ ಮಧ್ಯೆ ಒಂದೆರಡು ಸಲ ಕೆಮ್ಮಿದ್ರೆ ಕ್ಷಮಿಸಿ, ಸೀಜನ್ ಇದು. ಸೋಮವಾರ, ಗುರುವಾರ ಮಾರ್ಕೆಟ್ ದಿನ ಬಂತಂದ್ರೆ ನಮ್ಮೂರ ಗಾಳಿಯಲ್ಲೇ ಖಾರ ತೇಲ್ತಿರುತ್ತೆ. ಹೊರಗಿನವರು ಸೀನಿ ಸುಸ್ತಾಗ್ತಾರೆ, ನಾವು ಒಂದ್ಸಲ ಕೆಮ್ಮಿ ಮುಂದೆ ಹೋಗ್ತೀವಿ.

ಇವತ್ತು ವೈಫೈ ಬಗ್ಗೆ. ಅದರಲ್ಲೂ ಒಂದೇ ತಲೆನೋವು: ಮನೆಯ ಕ್ಯಾಮೆರಾ, ಟಿವಿ, ಸ್ಮಾರ್ಟ್ ಪ್ಲಗ್ಗು, ಬಲ್ಬು ಸುಮ್‌ಸುಮ್ನೆ ನೆಟ್‌ವರ್ಕ್ ಬಿಟ್ಟು ಹೋಗೋದು. ಬೆಳಿಗ್ಗೆ ಇತ್ತು, ಸಂಜೆ ಇಲ್ಲ. ಆ್ಯಪ್ ತೆಗೆದ್ರೆ ‘ಆಫ್‌ಲೈನ್’ ಅನ್ನೋ ಬೂದು ಬಣ್ಣದ ಒಂದು ಪದ. ನಾನು ಇಂಜಿನಿಯರ್ ಅಲ್ಲ. ಬಿ.ಕಾಂ. ಓದಿದವನು, ಮಧ್ಯಾಹ್ನದ ತನಕ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೀತೀನಿ, ಆಮೇಲೆ ಈ ಪಾಡ್‌ಕಾಸ್ಟ್. ಆದ್ರೆ ಈ ಸಮಸ್ಯೆ ನಮ್ಮ ಮನೇಲಿ ಬಗೆಹರಿದದ್ದು ಬಿ.ಕಾಂ. ಬುದ್ಧಿಯಿಂದಲೇ. ಹೇಗೆ ಅಂತ ಹೇಳ್ತೀನಿ.

ನಮ್ಮ ಮನೆ ಊರ ಅಂಚಿನಲ್ಲಿದೆ. ಒಂದು ಕಡೆ ಸಾಲು ಮನೆಗಳು, ಹಿಂದುಗಡೆ ಕೊಟ್ಟಿಗೆ, ಅದರಾಚೆ ಕಣ. ಹೊಲದಿಂದ ಬಿಡಿಸಿ ತಂದ ಮೆಣಸಿನಕಾಯಿ ಆ ಕಣದಲ್ಲಿ ಒಣಗಬೇಕು. ಒಣಗೋ ಅಷ್ಟು ದಿನ ರಾತ್ರಿ ಯಾರಾದರೂ ಅಲ್ಲಿ ಮಲಗಬೇಕು. ಕಳ್ಳರು ಅಂತಷ್ಟೇ ಅಲ್ಲ, ಬಿಡಾಡಿ ದನ ಬರ್ತಾವೆ, ಹೇಳದೆ ಕೇಳದೆ ಮಳೆ ಹನೀತದೆ. ಒಂದು ಕ್ವಿಂಟಲ್ ಒಳ್ಳೆ ಡಬ್ಬಿ ಕಾಯಿ ಅಂದ್ರೆ ಹತ್ತಾರು ಸಾವಿರ ರೂಪಾಯಿ. ವರ್ಷದ ದುಡಿಮೆ ನೆಲದ ಮೇಲೆ ಹರಡಿಕೊಂಡು ಬಿದ್ದಿರುತ್ತೆ. 2024ರ ಮಾರ್ಚ್ 11ರಂದು ದರ ಬಿತ್ತು ಅಂತ ಇಲ್ಲಿನ ಎಪಿಎಂಸಿಯಲ್ಲಿ ಆದದ್ದನ್ನ, ಆಫೀಸಿಗೆ ನುಗ್ಗಿದ್ದು, ವಾಹನ ಸುಟ್ಟದ್ದು, ನೀವೆಲ್ಲ ಟಿವಿಯಲ್ಲಿ ನೋಡಿದ್ರಿ. ಆ ಸಿಟ್ಟು ಸರಿ ತಪ್ಪು ಅನ್ನೋದು ಬೇರೆ ಎಪಿಸೋಡ್. ಕಣದ ಮೇಲೆ ಎಷ್ಟು ಜೀವ ಇಟ್ಕೊಂಡಿರ್ತಾರೆ ಅನ್ನೋದು ಮಾತ್ರ ಅವತ್ತು ಎಲ್ಲರಿಗೂ ಕಾಣಿಸ್ತು.

ನಮ್ಮಲ್ಲಿ ಕಣ ಕಾಯೋದು ಅಪ್ಪ. ಅವರಿಗೆ ಅರವತ್ತು ದಾಟಿದೆ, ಧೂಳಿಗೆ ಉಬ್ಬಸ ಬರುತ್ತೆ. ಹೋದ ವರ್ಷ ಡಾಕ್ಟರು ಇಬ್ಬನಿಯಲ್ಲಿ ಮಲಗಲೇಬೇಡಿ ಅಂತ ಖಡಕ್ಕಾಗಿ ಹೇಳಿದ್ರು. ಅಷ್ಟರಲ್ಲಿ ನಮ್ಮ ಕಾಕಾನ ಮಗ ಅಮೆರಿಕದಿಂದ ಮದುವೆಗೆ ಬಂದವನು ಒಂದು ವೈಫೈ ಕ್ಯಾಮೆರಾ ತಂದುಕೊಟ್ಟ. ಕೊಟ್ಟಿಗೆ ಕಂಬಕ್ಕೆ ಕಟ್ಟಿದೆ. ಕಣ ಪೂರ್ತಿ ಕಾಣ್ತಿತ್ತು, ಕತ್ತಲಲ್ಲೂ. ಏನಾದ್ರೂ ಅಲುಗಾಡಿದ್ರೆ ಫೋನು ಕೂಗ್ತಿತ್ತು. ಅಪ್ಪ ಮೂರು ರಾತ್ರಿ ಮನೆಯೊಳಗೆ ಹಾಸಿಗೆ ಮೇಲೆ ಮಲಗಿದ್ರು.

ನಾಲ್ಕನೇ ರಾತ್ರಿ ಎದ್ದು ನೋಡ್ತೀನಿ, ಹಾಸಿಗೆ ಖಾಲಿ. ಹೊರಗೆ ಹೋದ್ರೆ ಕಂಬಳಿ ಹೊದ್ದುಕೊಂಡು ಕಣದ ಮೂಲೆಯಲ್ಲಿ ಕೂತಿದ್ದಾರೆ.

“ಅಪ್ಪಾ, ಒಳಗ ಬರ್ರಿ. ಕ್ಯಾಮೆರಾ ಐತಲ್ರಿ.”

“ನಿನ್ ಕ್ಯಾಮೆರಾ ಮಲ್ಕೊಂಡೈತಿ. ನಾ ಎದ್ದೀನಿ.”

ಫೋನ್ ತೆಗೆದು ನೋಡಿದೆ. ಆಫ್‌ಲೈನ್.

ನಾನು ಮಾಡಿದ್ದು ನೀವೆಲ್ಲ ಮಾಡೋದನ್ನೇ. ರೌಟರ್ ಸ್ವಿಚ್ ಆಫ್, ಹತ್ತು ಎಣಿಸು, ಆನ್. ಐದು ನಿಮಿಷಕ್ಕೆ ಕ್ಯಾಮೆರಾ ಬಂತು. “ನೋಡ್ರಿ, ಸರಿಹೋತು” ಅಂದೆ. ಎರಡು ದಿನ ಬಿಟ್ಟು ಮತ್ತೆ ಹೋಯ್ತು. ಮತ್ತೆ ಆಫ್-ಆನ್. ಈ ಸಲ ಬರಲಿಲ್ಲ. ಮೂರನೇ ಸಲ ಆಫ್-ಆನ್ ಮಾಡಿದಾಗ ಬಂತು. ನಮ್ಮಲ್ಲಿ ಬಹಳ ಜನ ನಿಲ್ಲೋದು ಇಲ್ಲೇ. ಒಂದೋ ‘ರೌಟರ್ ಸರಿ ಇಲ್ಲ’ ಅಂತ ಬೈತೀವಿ, ಇಲ್ಲಾ ‘ಕ್ಯಾಮೆರಾ ಸರಿ ಇಲ್ಲ’ ಅಂತ ಬಾಕ್ಸಿಗೆ ಹಾಕಿ ಅಟ್ಟಕ್ಕೆ ಏರಿಸ್ತೀವಿ. ನಾನೂ ಹೊಸ ಕ್ಯಾಮೆರಾ ಕಾರ್ಟ್‌ಗೆ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಅಂಗಡಿಯಲ್ಲಿ ಒಂದು ಲೆಕ್ಕ ತಾಳೆ ಆಗ್ತಿರಲಿಲ್ಲ. ತಾಳೆ ಆಗದಿದ್ದಾಗ ನಾವು ಏನು ಮಾಡ್ತೀವಿ? ಪುಸ್ತಕ ಹರಿದು ಹೊಸದು ಶುರು ಮಾಡಲ್ಲ. ಕಿರ್ದಿ ತೆಗೆದು, ಯಾವ ದಿನ ಯಾವ ಸಾಲಿನಿಂದ ವ್ಯತ್ಯಾಸ ಶುರುವಾಯ್ತು ಅಂತ ಹಿಂದಕ್ಕೆ ಹೋಗ್ತೀವಿ. ಆಗ ತಲೆಗೆ ಹೊಳೀತು. ರೌಟರ್ ರೀಸ್ಟಾರ್ಟ್ ಮಾಡೋದು ಅಂದ್ರೆ ಕಿರ್ದಿಯ ಪುಟ ಹರಿದು ಹಾಕಿದ ಹಾಗೆ. ಆ ಕ್ಷಣದಲ್ಲಿ ಏನು ತಪ್ಪಾಗಿತ್ತೋ ಆ ಪುರಾವೆ ಹೋಯ್ತು. ಸಮಸ್ಯೆ ಹೋಯ್ತು ಅನ್ನಿಸುತ್ತೆ, ಕಾರಣ ಮಾತ್ರ ಹಾಗೇ ಇರುತ್ತೆ.

ಅವತ್ತೇ ರೌಟರ್ ಪಕ್ಕ ಮೊಳೆ ಹೊಡೆದು ಒಂದು ನೂರು ಪುಟದ ನೋಟ್‌ಬುಕ್ ತೂಗುಹಾಕಿದೆ. ಗೆರೆ ಹೊಡೆದು ಐದು ಕಾಲಂ ಮಾಡಿದೆ. ಎಷ್ಟು ಹೊತ್ತಿಗೆ ಹೋಯ್ತು. ಏನು ಹೋಯ್ತು. ಅದೇ ಹೊತ್ತಲ್ಲಿ ಬೇರೆ ಏನೇನು ಸರಿಯಾಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಅಂದ್ರೆ ಕರೆಂಟ್ ಹೋಗಿತ್ತಾ, ಯಾರಾದ್ರೂ ಏನಾದ್ರೂ ಮುಟ್ಟಿದ್ರಾ. ಕೊನೆಗೆ, ಹೇಗೆ ವಾಪಸ್ ಬಂತು. ಮನೆಯವರಿಗೆಲ್ಲ ಹೇಳಿದೆ, ಈ ಪುಸ್ತಕದಲ್ಲಿ ಒಂದು ಸಾಲು ಬರೆಯೋ ತನಕ ಯಾರೂ ಸ್ವಿಚ್ ಮುಟ್ಟಬಾರದು.

“ಅಂಗಡಿ ಲೆಕ್ಕ ಸಾಲದು ಅಂತ ಮನಿಯಾಗ ಬ್ಯಾರೆ ಚಾಲೂ ಮಾಡ್ಯಾನ ನೋಡ್ರಿ” ಅಂತ ಅವ್ವ ನಕ್ಕಳು.

ಮೂರನೇ ಕಾಲಂ ಬಹಳ ಮುಖ್ಯ, ಅಲ್ಲಿ ಸ್ವಲ್ಪ ನಿಲ್ಲೋಣ. ಆಫ್‌ಲೈನ್ ಅನ್ನೋದು ಒಂದೇ ರೋಗ ಅಲ್ಲ. ಮನೇಲಿ ಎಲ್ಲವೂ ಒಟ್ಟಿಗೆ ಹೋಗಿದ್ರೆ ತಪ್ಪು ಬಹುತೇಕ ನಿಮ್ಮ ಮನೆಯಾಚೆ ಇದೆ. ಫೈಬರ್ ಪೆಟ್ಟಿಗೆ ಮೇಲೆ ‘ಲಾಸ್’ ಅಂತ ಬರೆದಿರೋ ಕಡೆ ಕೆಂಪು ದೀಪ ಉರೀತಿದ್ರೆ ಬೆಳಕೇ ಬರ್ತಿಲ್ಲ ಅಂತ ಅರ್ಥ. ಎಲ್ಲೋ ಕೇಬಲ್ ತುಂಡಾಗಿದೆ ಅಥವಾ ಮನೆಯೊಳಗೇ ವೈರನ್ನ ಚೂಪಾಗಿ ಬಗ್ಗಿಸಿ ಮೊಳೆ ಹೊಡೆದಿದ್ದಾರೆ. ಅದಕ್ಕೆ ನೀವು ಸೆಟ್ಟಿಂಗ್ ಬದಲಿಸಿ ಪ್ರಯೋಜನ ಇಲ್ಲ, ಕಂಪ್ಲೇಂಟ್ ಕೊಡಿ. ಆದ್ರೆ ಟಿವಿ ಓಡ್ತಾ ಇದೆ, ಫೋನ್ ಓಡ್ತಾ ಇದೆ, ಒಂದೇ ಒಂದು ಸಾಧನ ಮಾತ್ರ ಇಲ್ಲ ಅಂದ್ರೆ ಕಾರಣ ಮನೆಯೊಳಗೇ ಇದೆ. ನಿಮಗೇ ಸಿಗುತ್ತೆ.

ಒಂಬತ್ತು ದಿನಕ್ಕೆ ನಮ್ಮ ಪುಸ್ತಕದಲ್ಲಿ ಹದಿನಾಲ್ಕು ಸಾಲು ಬಿದ್ದವು. ಒಂದು ಕಪ್ ಚಹಾ ಇಟ್ಕೊಂಡು ಖತಾವಣಿ ಮಾಡಲು ಕೂತೆ. ಒಂಬತ್ತು ಸಾಲು ಒಂದೇ ಥರ ಇದ್ದವು: ಕರೆಂಟ್ ಹೋಗಿ ಬಂದಿದೆ, ಎಲ್ಲ ಸಾಧನಗಳೂ ಮೂರ್ನಾಲ್ಕು ನಿಮಿಷ ಇಲ್ಲ, ಆಮೇಲೆ ತಾವೇ ಬಂದಿವೆ. ಇದು ರೋಗವೇ ಅಲ್ಲ. ಫೈಬರ್ ಪೆಟ್ಟಿಗೆ, ರೌಟರ್ ಎದ್ದು ಮುಖ ತೊಳೆದು ಕೂರೋಕೆ ಅಷ್ಟು ಹೊತ್ತು ಬೇಕು. ಉಳಿದ ಐದು ಸಾಲು ಬೇರೆ. ಆ ಐದರಲ್ಲೂ ಕ್ಯಾಮೆರಾ ಒಂದೇ ಹೋಗಿತ್ತು, ಬೇರೆ ಎಲ್ಲ ಸರಿ. ಆ ಐದಕ್ಕೂ ಮುಂಚೆ ರೌಟರ್ ಆಫ್ ಆಗಿ ಆನ್ ಆಗಿತ್ತು. ಮೂರು ಸಲ ಕರೆಂಟಿನಿಂದ, ಎರಡು ಸಲ ನನ್ನ ಕೈಯಿಂದಲೇ. ಮತ್ತೆ ಆ ಐದೂ ಸಲ ಸರಿಹೋದದ್ದು ಹೇಗೆ? ರೌಟರ್ ಆಫ್ ಮಾಡಿ ಆನ್ ಮಾಡಿದ್ದಕ್ಕೆ!

ಅಂದ್ರೆ ನಾನು ಔಷಧ ಅಂದ್ಕೊಂಡದ್ದೇ ರೋಗ ಆಗಿತ್ತು. ಪ್ರತಿ ರೀಸ್ಟಾರ್ಟ್ ಒಂದು ಚೀಟಿ ಎತ್ತಿದ ಹಾಗೆ: ಒಳ್ಳೇ ಚೀಟಿ ಬಂದ್ರೆ ಕ್ಯಾಮೆರಾ ಇರುತ್ತೆ, ಕೆಟ್ಟ ಚೀಟಿ ಬಂದ್ರೆ ಹೋಗುತ್ತೆ. ಹಾಗಾದ್ರೆ ರೌಟರ್ ಶುರುವಾಗುವಾಗ ಪ್ರತಿ ಸಲ ಬದಲಾಗೋದು ಏನು?

ಚಾನಲ್. ನಮ್ಮ ಮನೆ ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಓಡುತ್ತೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 2.4 ದೂರ ಹೋಗುತ್ತೆ, ಗೋಡೆ ದಾಟುತ್ತೆ, ಆದ್ರೆ ನಿಧಾನ. 5 ವೇಗ, ಆದ್ರೆ ಎರಡು ಗೋಡೆಗೇ ಸುಸ್ತು. ಅಗ್ಗದ ಪ್ಲಗ್ಗು, ಬಲ್ಬು, ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ 2.4 ಒಂದೇ ಗೊತ್ತು. 2005ರಲ್ಲಿ ಕೇಂದ್ರ ಸರ್ಕಾರ ಈ ಪಟ್ಟಿಯನ್ನ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಅಂದ್ರೆ ಇದು ಸಂತೆ ಮೈದಾನ, ಯಾರು ಬೇಕಾದ್ರೂ ಕೂರಬಹುದು. ನಿಮ್ಮ ವೈಫೈ, ಪಕ್ಕದ ಮನೆ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ನಿಂದ ಸೋರೋ ಅಲೆ, ಎಲ್ಲ ಅಲ್ಲೇ. ಆ ಮೈದಾನದಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನಲ್ ನಂಬರ್ ಇವೆ. ಹದಿಮೂರು ಸೀಟು ಅಂದ್ಕೋಬೇಡಿ. ಒಂದೊಂದು ವೈಫೈ ಕೂತರೆ ನಾಲ್ಕೈದು ಸೀಟು ಹಿಡಿಯೋ ಆಸಾಮಿ. ಹಾಗಾಗಿ ಒಬ್ಬರಿಗೊಬ್ಬರು ಮೊಣಕೈ ತಾಗಿಸದೆ ಕೂರೋದು ಸಾಮಾನ್ಯವಾಗಿ 1, 6, 11, ಈ ಮೂರು ಕಡೆ.

ನಮ್ಮ ರೌಟರ್ ‘ಆಟೋ’ದಲ್ಲಿತ್ತು. ಶುರುವಾದಾಗಲೆಲ್ಲ ಸುತ್ತ ನೋಡಿ ಖಾಲಿ ಜಾಗ ಹುಡುಕುತ್ತೆ. ಪಕ್ಕದ ಸಾಲುಮನೆಯವರು 1, 6, 11 ತುಂಬಿಸಿದ್ರೆ ಇದು ಕೊನೆಗೆ ಹೋಗಿ 13ರಲ್ಲಿ ಕೂರ್ತಿತ್ತು. ನನ್ನ ಫೋನು, ಇಲ್ಲಿ ಕೊಂಡ ಟಿವಿ, ಇಲ್ಲಿ ಕೊಂಡ ಪ್ಲಗ್ಗು, ಎಲ್ಲಕ್ಕೂ 13 ಕೇಳಿಸುತ್ತೆ. ಆದ್ರೆ ಅಮೆರಿಕದ ಮಾರುಕಟ್ಟೆಗೆ ತಯಾರಾದ ಸಾಧನಗಳು ಸಾಮಾನ್ಯವಾಗಿ 1ರಿಂದ 11ರ ತನಕ ಮಾತ್ರ ಹುಡುಕ್ತವೆ. ಕಾಕಾನ ಮಗ ಪ್ರೀತಿಯಿಂದ ತಂದ ಕ್ಯಾಮೆರಾದ ಪಾಲಿಗೆ ಆ ರಾತ್ರಿಗಳಲ್ಲಿ ನಮ್ಮ ಮನೆ ವೈಫೈ ಅನ್ನೋದೇ ಈ ಭೂಮಿ ಮೇಲೆ ಇರಲಿಲ್ಲ. ಅದು ಹಾಳಾಗಿರಲಿಲ್ಲ. ರಾತ್ರಿಯಿಡೀ ನಮ್ಮನ್ನ ಹುಡುಕ್ತಾ ಇತ್ತು, ಪಾಪ.

ಇದನ್ನ ಖಾತ್ರಿ ಮಾಡ್ಕೊಂಡದ್ದು ಮುಂದಿನ ಸಲ ಅದು ಹೋದಾಗ. ಸ್ವಿಚ್ ಮುಟ್ಟಲಿಲ್ಲ, ಮೊದಲು ಫೋನಲ್ಲಿ ವೈಫೈ ಅನಲೈಸರ್ ಥರದ ಒಂದು ಆ್ಯಪ್ ತೆಗೆದೆ. ಆಂಡ್ರಾಯ್ಡ್‌ನಲ್ಲಿ ಬೇಕಾದಷ್ಟು ಸಿಗ್ತವೆ. ಐಫೋನ್‌ನವರಿಗೆ ಆ್ಯಪಲ್‌ನ ಏರ್‌ಪೋರ್ಟ್ ಯುಟಿಲಿಟಿ ಇದೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ಸ್ಕ್ಯಾನರ್ ಆನ್ ಮಾಡಬೇಕು. ನೋಡಿದೆ: ಚಾನಲ್ 13. ನೋಟ್‌ಬುಕ್ಕಿನಲ್ಲಿ ಅಷ್ಟು ದೊಡ್ಡದಾಗಿ ನಾನು ಪರೀಕ್ಷೆ ನಂಬರನ್ನೂ ಬರೆದಿರಲಿಲ್ಲ.

ಸರಿ ಮಾಡೋಕೆ ಎರಡು ನಿಮಿಷ. ಬ್ರೌಸರ್‌ನಲ್ಲಿ ರೌಟರ್ ವಿಳಾಸ ಹಾಕಿ, ಬಹಳ ಕಡೆ ಅದು 192.168.1.1, ಪಾಸ್‌ವರ್ಡ್ ಜೊತೆ ಪೆಟ್ಟಿಗೆಯ ತಳದ ಸ್ಟಿಕರ್ ಮೇಲೆ ಇರುತ್ತೆ. ವೈಫೈ ಅಥವಾ ಡಬ್ಲ್ಯೂಲ್ಯಾನ್ ಅನ್ನೋ ಕಡೆ 2.4 ಪಟ್ಟಿಗೆ ಹೋಗಿ, ಚಾನಲ್ ‘ಆಟೋ’ ತೆಗೆದು 1, 6, 11ರಲ್ಲಿ ನಿಮ್ಮ ಓಣಿಯಲ್ಲಿ ಕಮ್ಮಿ ಗದ್ದಲ ಇರೋದನ್ನ ಹಾಕಿ. ಅಗಲ ಅಂದ್ರೆ ಬ್ಯಾಂಡ್‌ವಿಡ್ತ್ 20 ಮೆಗಾಹರ್ಟ್ಸ್ ಇಡಿ. ಭದ್ರತೆ ಡಬ್ಲ್ಯೂಪಿಎ3 ಒಂದೇ ಇದ್ರೆ ಹಳೇ ಸಾಧನ ಒಳಗೇ ಬರಲ್ಲ, ಡಬ್ಲ್ಯೂಪಿಎ2 ಸೇರಿರೋದನ್ನ ಆರಿಸಿ. ಜೊತೆಗೆ ಫೈಬರ್ ಪೆಟ್ಟಿಗೆಗೆ ಒಂದು ಮಿನಿ ಯುಪಿಎಸ್ ತಂದೆ, ಕರೆಂಟ್ ಹೋದಾಗಲೆಲ್ಲ ಅದು ಹೊಸದಾಗಿ ಹುಟ್ಟಿ ಬರೋದು ಬೇಡ ಅಂತ. ತರುವಾಗ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಫೋಟೋ ತೆಗೆದುಕೊಂಡು ಹೋಗಿ. 9 ವೋಲ್ಟಿನ ಪೆಟ್ಟಿಗೆಗೆ 12 ಕೊಟ್ಟರೆ ಮತ್ತೆ ಕಿರ್ದಿ ಬೇಕಾಗಲ್ಲ, ಹೊಸ ಪೆಟ್ಟಿಗೆ ಬೇಕಾಗುತ್ತೆ. ಇನ್ನೊಂದು, ಕ್ಯಾಮೆರಾಗೆ ಮೆಮೊರಿ ಕಾರ್ಡ್ ಹಾಕಿ. ವೈಫೈ ಹೋದ್ರೂ ಕರೆಂಟ್ ಇದ್ರೆ ಬಹಳ ಕ್ಯಾಮೆರಾಗಳಲ್ಲಿ ಕಾರ್ಡಿಗೆ ರೆಕಾರ್ಡ್ ಆಗ್ತಾನೇ ಇರುತ್ತೆ.

ಹನ್ನೆರಡು ದಿನ ಪುಸ್ತಕದಲ್ಲಿ ಒಂದೂ ಸಾಲಿಲ್ಲ. ನಾನು ಊರೆಲ್ಲ ಹೇಳ್ಕೊಂಡು ತಿರುಗಿದೆ. ರಾಣೇಬೆನ್ನೂರಿನ ಗೆಳೆಯನಿಗೂ ಫೋನಲ್ಲೇ ಬುದ್ಧಿ ಹೇಳಿದೆ. ಅವನದ್ದು ಸುಲಭ ಇತ್ತು, 5ಕ್ಕೂ 2.4ಕ್ಕೂ ಒಂದೇ ಹೆಸರು, ಸೆಟಪ್ ಮಾಡುವಾಗ ಫೋನು 5ರಲ್ಲಿ, ಬಲ್ಬಿಗೆ 5 ಗೊತ್ತೇ ಇಲ್ಲ. ಎರಡಕ್ಕೂ ಬೇರೆ ಬೇರೆ ಹೆಸರು ಇಡಿಸಿದೆ, ಮುಗೀತು.

ಹದಿಮೂರನೇ ದಿನ ನಮ್ಮ ಕ್ಯಾಮೆರಾ ಮತ್ತೆ ತೊದಲೋಕೆ ಶುರು ಮಾಡ್ತು. ಹೋಗಿಬಿಡ್ತಿರಲಿಲ್ಲ, ಬರ್ತಾ ಹೋಗ್ತಾ, ಚಿತ್ರ ನಿಂತು ನಿಂತು. ಪುಸ್ತಕದಲ್ಲಿ ಬರೆದೆ: ಕರೆಂಟ್ ಹೋಗಿಲ್ಲ, ಚಾನಲ್ ಅದೇ, ಮುಂಚೆ ಏನಾಯ್ತು? ಏನೂ ಇಲ್ಲ. ಅವ್ವ ಓದಿ ಅಂದಳು, “ಏನೂ ಇಲ್ಲ ಅಂತ ಬರದೀಯಲ್ಲ, ಚೀಲಾ ಯಾರ್ ಒಟ್ಟಿದ್ರು ಅಲ್ಲೆ?”

ಒಣಗಿದ ಕಾಯಿ ತುಂಬಿದ ಚೀಲಗಳನ್ನ ನಾವೇ ಹಿಂದಿನ ಕೋಣೆಯಲ್ಲಿ, ಸರಿಯಾಗಿ ಕಿಟಕಿಗೆ ಅಡ್ಡ, ಆಳೆತ್ತರಕ್ಕೆ ಪೇರಿಸಿದ್ವಿ. ನಮ್ಮದು ಹಳೇ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಸಿಗ್ನಲ್ ಹೊರಗೆ ಹೋಗ್ತಾ ಇದ್ದದ್ದೇ ಆ ಕಿಟಕಿಯಿಂದ. ಕೊಟ್ಟಿಗೆ ಹತ್ತಿರ ಫೋನ್ ಹಿಡಿದು ನೋಡಿದೆ. ಮೊದಲು ಮೈನಸ್ 61 ಇದ್ದದ್ದು ಈಗ ಮೈನಸ್ 78. ಈ ಲೆಕ್ಕದಲ್ಲಿ ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಬಡವ. ಮೈನಸ್ 67ರ ಈಚೆ ಇದ್ರೆ ವಿಡಿಯೋ ನೆಮ್ಮದಿಯಾಗಿ ಓಡುತ್ತೆ. ಗೋಡೆ, ತಗಡು, ನೀರಿನ ಟ್ಯಾಂಕು, ಹೊಸ ಬೀರು, ಏನೇ ಅಡ್ಡ ಬಂದ್ರೂ ಹೀಗೇ. ತೇವ ಇರೋ ವಸ್ತು ಈ ಅಲೆಗಳನ್ನ ಕುಡಿಯುತ್ತೆ, ತಗಡು ವಾಪಸ್ ಹೊಡೆಯುತ್ತೆ.

ಇಲ್ಲಿ ನಾನು ಜಾಣತನ ಮಾಡಲು ಹೋಗಿ ಬಿದ್ದೆ. ಅಟ್ಟದ ಮೇಲಿನ ಹಳೇ ರೌಟರ್ ಇಳಿಸಿ, ಲ್ಯಾನ್ ಕೇಬಲ್ ಎಳೆದು ಹಿಂದಿನ ಕೋಣೆಯಲ್ಲಿಟ್ಟೆ. ಕ್ಯಾಮೆರಾ ಚಕ್ ಅಂತ ಬಂತು. ಸಂಜೆ ಟಿವಿ ಹೋಯ್ತು. ಆಮೇಲೆ ಅಕ್ಕನ ಫೋನು. ಆಮೇಲೆ ಟಿವಿ ಬಂತು, ಪ್ಲಗ್ ಹೋಯ್ತು. ಮನೆಯಲ್ಲಿ ಎಲ್ಲರೂ ನನ್ನನ್ನೇ ನೋಡೋಕೆ ಶುರು ಮಾಡಿದ್ರು.

ಕಾರಣ ನಮ್ಮ ಮಾರ್ಕೆಟ್ಟಿನ ಭಾಷೆಯಲ್ಲಿ ಹೇಳ್ತೀನಿ. ಎಪಿಎಂಸಿಯಲ್ಲಿ ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಖರೀದಿದಾರ ಇ-ಟೆಂಡರ್‌ನಲ್ಲಿ ದರ ಹಾಕೋದು ಆ ನಂಬರಿಗೆ. ಈಗ ಒಂದೇ ಅಂಗಳದಲ್ಲಿ ಇಬ್ಬರು ಕೂತು, ಒಬ್ಬರಿಗೊಬ್ಬರು ಕೇಳದೆ ನಂಬರ್ ಹಂಚಿದ್ರೆ? ಒಂದೇ ನಂಬರು ಎರಡು ರಾಶಿಗೆ. ರೌಟರ್ ಕೂಡ ಒಳಗೆ ಬಂದ ಪ್ರತಿ ಸಾಧನಕ್ಕೆ ಒಂದು ಐಪಿ ನಂಬರ್ ಹಂಚುತ್ತೆ, ಆ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ನನ್ನ ಮನೇಲಿ ಎರಡು ಪೆಟ್ಟಿಗೆಗಳೂ ಹಂಚ್ತಿದ್ವು. ಸಾಲದ್ದಕ್ಕೆ ಎರಡರ ಸ್ವಂತ ವಿಳಾಸವೂ 192.168.1.1. ಹಳೇ ರೌಟರ್ ಬಳಸೋರು ಮೂರು ಕೆಲಸ ಮಾಡಿ: ಕೇಬಲ್ ಜೋಡಿಸೋ ಮುಂಚೆ ಅದರ ವಿಳಾಸ 192.168.1.2 ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನ ಅದರ ವ್ಯಾನ್ ರಂಧ್ರಕ್ಕೆ ಅಲ್ಲ, ಲ್ಯಾನ್ ರಂಧ್ರಕ್ಕೆ ಚುಚ್ಚಿ. ಚಾನಲ್ ಒಂದು 1ರಲ್ಲಿದ್ರೆ ಇನ್ನೊಂದು 11ರಲ್ಲಿರಲಿ.

ಅವತ್ತು ರಾತ್ರಿ ಅಪ್ಪನಿಗೆ ಏನೂ ಹೇಳಲಿಲ್ಲ. ಈಗಾಗಲೇ ಎರಡು ಸಲ ‘ಸರಿಹೋತು’ ಅಂದಿದ್ದೆ, ಮೂರನೇ ಸಲ ಹೇಳೋಕೆ ಬಾಯಿ ಬರಲಿಲ್ಲ. ಅವರು ಎಂದಿನ ಹಾಗೆ ಕಂಬಳಿ ಹೆಗಲಿಗೆ ಹಾಕ್ಕೊಂಡು ಬಾಗಿಲ ತನಕ ಹೋದ್ರು. ಅಲ್ಲಿ ನಿಂತು ಅವ್ವನ ಫೋನ್ ತೆಗೆದು ನೋಡಿದ್ರು, ಕೊಟ್ಟಿಗೆ ಕಡೆ ನೋಡಿದ್ರು, ಮತ್ತೆ ಫೋನ್ ನೋಡಿದ್ರು. ಕಂಬಳಿ ಮಡಚಿ ಮಂಚದ ಮೇಲಿಟ್ಟು ಮಲಗಿದ್ರು.

ಬೆಳಿಗ್ಗೆ ಎದ್ದು ಪುಸ್ತಕ ನೋಡಿದೆ. ಅಪ್ಪನ ಕೈಬರಹ, ಪೆನ್ಸಿಲ್‌ನಲ್ಲಿ ಮೂರು ಸಾಲು. 12-40, ಐತಿ. 2-15, ಐತಿ, ನಾಯಿ ಬಂದು ಹೋತು. 4-05, ಐತಿ.

“ರಾತ್ರಿ ಪೂರ್ತಿ ಎದ್ದಿದ್ರೇನ್ರಿ ಹಂಗಾರ?” ಅಂತ ಕೇಳಿದೆ.

“ಎದ್ದಿದ್ದೆ,” ಅಂದ್ರು. “ಆದ್ರ ಒಳಗಿದ್ದೆ.”

ನಿಮ್ಮ ಮನೇಲೂ ಏನಾದ್ರೂ ಹೀಗೆ ಬಿಟ್ಟು ಹೋಗ್ತಾ ಇದ್ರೆ ಒಂದು ವಾರ ಬರೆದು, ಆ ಪುಟದ ಫೋಟೋ ನನಗೆ ಕಳಿಸಿ. ಮೂರನೇ ಕಾಲಂ ಖಾಲಿ ಬಿಡಬೇಡಿ.